ಉಪ್ಪುನೀರಿಗೆ ಬಂದ ಜ್ವರ

ಆಟೋಕ್ಲೇವ್ ಎಂಬುದು ಒತ್ತಡದ ಹಬೆಯಿಂದ ಸೂಕ್ಷ್ಮಾಣುಗಳನ್ನು ಕೊಲ್ಲುವ ಉಕ್ಕಿನ ದೊಡ್ಡ ಪಾತ್ರೆ. ಅದರೊಳಗೆ ಗಾಜಿನ ಸಾಮಾನು ಇಡಬಹುದು, ಹತ್ತಿಬಟ್ಟೆ ಇಡಬಹುದು, ಚಿಮಟ ಇಡಬಹುದು. ರೇಡಿಯೊ ಇಡಬಾರದು ಎಂದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಬರೆಯಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ. ಆದ್ದರಿಂದ ಆ ಬೆಳಿಗ್ಗೆ ಪ್ರಾಣಿಗೃಹದ ಪಾಲಕ ಆಟೋಕ್ಲೇವ್‌ನ ಬಾಗಿಲು ತೆರೆದು ತಟ್ಟೆಯನ್ನು ಹೊರಗೆಳೆದಾಗ, ಅದರ ಮೇಲಿದ್ದ ವಸ್ತುವನ್ನು ರೇಡಿಯೊ ಎಂದು ಗುರುತಿಸಲು ಆಂಟೆನಾ ಒಂದೇ ಆಧಾರವಾಗಿ ಉಳಿದಿತ್ತು. ಮಿಕ್ಕ ಭಾಗವೆಲ್ಲ, ಯಾರೋ ಮೇಲೆ ಕುಳಿತು ಎದ್ದುಹೋದ ಟೋಪಿಯಂತೆ ಕಾಣುತ್ತಿತ್ತು.

"ಕ್ರಿಮಿ ಅನ್ನೋದು ಒಂದೂ ಉಳಿದಿಲ್ಲ ಮೇಡಂ," ಎಂದ ಪಾಲಕ, ತೃಪ್ತಿಯಿಂದ.

ಎದುರಿಗೆ ನಿಂತಿದ್ದ ಯುವತಿ ಆಂಟೆನಾವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳು ಮೊಲಗಳ ಕೋಣೆಯ ಹೊಣೆ ಹೊತ್ತಿದ್ದ ಕಿರಿಯ ವಿಜ್ಞಾನಿ. ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು 'ದಶಾಂಶ' ಎಂದು ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕ್ಯಾಂಟೀನಿನ ಚಹಾ ಸುಮಾರು ಅರವತ್ತು ಡಿಗ್ರಿ ಇರಬಹುದು ಎಂದು ಯಾರೋ ಅಂದದ್ದಕ್ಕೆ, ಜೇಬಿನಿಂದ ಥರ್ಮಾಮೀಟರ್ ತೆಗೆದು ಅದ್ದಿ, ಐವತ್ತೆಂಟು ಬಿಂದು ನಾಲ್ಕು ಎಂದು ತಿದ್ದಿದ್ದಳು. ಚಹಾ ಆ ಸಹೋದ್ಯೋಗಿಯದಾಗಿತ್ತು.

"ರೇಡಿಯೋನ ಯಾಕೆ ಇದರೊಳಗೆ ಹಾಕಿದ್ರಿ?" ಎಂದು ಅವಳು ಕೇಳಿದಳು.

ಪಾಲಕ ಮೊಲಗಳ ಕೋಣೆಯ ಬಾಗಿಲಿನತ್ತ ಕೈ ತೋರಿಸಿದ. ಅಲ್ಲಿ ಅವಳದೇ ದುಂಡನೆಯ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ಈ ಕೋಣೆಯನ್ನು ಪ್ರವೇಶಿಸುವ ಪ್ರತಿಯೊಂದು ವಸ್ತುವೂ ಆಟೋಕ್ಲೇವ್ ಆಗತಕ್ಕದ್ದು. ವಿನಾಯಿತಿ ಇಲ್ಲ.

"ವಿನಾಯಿತಿ ಇಲ್ಲ ಅನ್ನೋದರ ಕೆಳಗೆ ಕೆಂಪು ಗೀಟು ಬೇರೆ ಎಳೆದಿದ್ದೀರಿ. ನನಗೂ ಒಂದು ಚೂರು ಅನುಮಾನ ಬಂತು. ಆದ್ರೆ ಮೊನ್ನೆ ಪೊರಕೆ ಹಿಡಿ ಹಾಕೋವಾಗ ಅನುಮಾನ ಅಂತ ಕೇಳಿದ್ದಕ್ಕೆ, ಅನುಮಾನ ಬಂದ್ರೆ ಬಾಗಿಲು ನೋಡಿ ಅಂದ್ರಿ. ಇವತ್ತೂ ನೋಡಿದೆ."

 ಆ ರೇಡಿಯೊ ಆ ದಿನ ಏಕೆ ಅಷ್ಟು ಮುಖ್ಯವಾಗಿತ್ತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಂಸ್ಥೆ ತಯಾರಿಸುತ್ತಿದ್ದುದು ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆ. ವೈರಸ್ಸನ್ನು ಜೀವಕೋಶಗಳಲ್ಲಿ ಬೆಳೆಸಿ, ರಾಸಾಯನಿಕದಿಂದ ಅದರ ಕಸುವನ್ನೆಲ್ಲ ತೆಗೆದು, ರೂಪವನ್ನು ಮಾತ್ರ ಕೆಡದಂತೆ ಉಳಿಸಿಕೊಳ್ಳುತ್ತಾರೆ. ದೇಹ ಆ ರೂಪವನ್ನು ನೋಡಿ ಗುರುತಿಟ್ಟುಕೊಳ್ಳುತ್ತದೆ. ಮುಂದೆ ನಿಜವಾದ ವೈರಸ್ ಬಂದಾಗ ಬಾಗಿಲಲ್ಲೇ ತಡೆಯುತ್ತದೆ. ದಶಾಂಶ ಇದನ್ನು ಮನೆಯಲ್ಲಿ ಅಮ್ಮನಿಗೆ ವಿವರಿಸಿದ್ದಳು.

"ಸತ್ತಿರೋದನ್ನ ಚುಚ್ಚಿ ಏನು ಪ್ರಯೋಜನ?" ಎಂದು ಅಮ್ಮ ಕೇಳಿದ್ದಳು.

"ಮುಖಪರಿಚಯ ಆಗತ್ತೆ ಅಮ್ಮ. ಆಮೇಲೆ ಮರೆಯಲ್ಲ."

"ಹಾಗಾದ್ರೆ ನನ್ನದೊಂದು ಫೋಟೊ ನಿಮ್ಮ ಚಿಕ್ಕಮ್ಮನಿಗೆ ಚುಚ್ಚು. ಮೆಟ್ಟಿಲ ಮೇಲೆ ಎದುರಿಗೆ ಸಿಕ್ಕಿದ್ರೂ ಗುರುತೇ ಇಲ್ಲದವಳ ಹಾಗೆ ಹೋಗ್ತಾಳೆ."

ಚಿಕ್ಕಮ್ಮ ಅದೇ ಕಟ್ಟಡದ ಮೇಲಿನ ಮನೆಯಲ್ಲಿದ್ದಳು. ಅಕ್ಕತಂಗಿಯರ ಜಗಳ ಅಜ್ಜಿಯ ಹೊಲಿಗೆ ಯಂತ್ರದ್ದು. ಅಜ್ಜಿ ತೀರಿಕೊಂಡ ಮೇಲೆ ಯಂತ್ರದ ತಲೆಯನ್ನು ಹಿರಿಯವಳು ಕೆಳಗಿನ ಮನೆಗೆ ಒಯ್ದಳು. ಕಾಲಿನಿಂದ ತುಳಿಯುವ ಕಬ್ಬಿಣದ ಸ್ಟ್ಯಾಂಡನ್ನು ಕಿರಿಯವಳು ಮೇಲಿನ ಮನೆಗೆ ಏರಿಸಿದಳು. ಅಂದಿನಿಂದ ತಲೆ ಬೀರುವಿನ ಮೇಲೆ ಟವೆಲ್ ಹೊದ್ದು ಕುಳಿತಿತ್ತು, ಸ್ಟ್ಯಾಂಡಿನ ಮೇಲೆ ಟೀವಿ ಕುಳಿತಿತ್ತು, ಮತ್ತು ಎರಡು ಮನೆಗಳಲ್ಲಿಯೂ ಹರಿದ ಬಟ್ಟೆ ದರ್ಜಿಯ ಅಂಗಡಿಗೆ ಹೋಗುತ್ತಿತ್ತು. ತಿಂಗಳಿಗೊಬ್ಬರು ಬಳಸುವಂತೆ ದಶಾಂಶ ಒಮ್ಮೆ ಬಣ್ಣಬಣ್ಣದ ವೇಳಾಪಟ್ಟಿಯನ್ನೇ ಮಾಡಿಕೊಟ್ಟಿದ್ದಳು. ಮೊದಲನೆಯ ತಿಂಗಳು ಯಾರದು ಎಂಬಲ್ಲಿ ಆ ಪಟ್ಟಿ ನಿಂತುಹೋಯಿತು.

ಲಸಿಕೆಯನ್ನು ಮನುಷ್ಯರಿಗೆ ಕೊಡುವ ಮುನ್ನ ಪ್ರಾಣಿಗಳಲ್ಲಿ ಹಲವು ಪರೀಕ್ಷೆಗಳು ನಡೆಯುತ್ತವೆ. ಅವುಗಳಲ್ಲೊಂದು ಮೊಲಗಳ ಜ್ವರದ ಪರೀಕ್ಷೆ. ಮೊಲದ ದೇಹ ಜ್ವರ ತರಿಸುವ ಕಲ್ಮಶಕ್ಕೆ ಬಹಳ ಬೇಗ ಸ್ಪಂದಿಸುತ್ತದೆ. ಮೂರು ಮೊಲಗಳ ಕಿವಿಯ ಅಂಚಿನ ನಾಳಕ್ಕೆ ಲಸಿಕೆ ಕೊಡುತ್ತಾರೆ. ಹೋಲಿಕೆಗಾಗಿ ಇನ್ನು ಮೂರಕ್ಕೆ ಬರಿಯ ಉಪ್ಪುನೀರು. ಆಮೇಲೆ ಸುಮಾರು ಮೂರು ಗಂಟೆ, ಆಗಾಗ ಮೈಯ ಉಷ್ಣತೆ ನೋಡುತ್ತಾರೆ. ಲಸಿಕೆ ಪಡೆದವು ನಿಗದಿತ ಮಟ್ಟಕ್ಕಿಂತ ಬಿಸಿಯಾದರೆ ಲಸಿಕೆ ಅನುತ್ತೀರ್ಣ.

ಮೊದಲನೆಯ ಪರೀಕ್ಷೆಯಲ್ಲಿ ಅವು ಬಿಸಿಯಾದವು.

ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರ್ ಮೇಡಂ ಎನ್ನುತ್ತಿದ್ದರು. ಲಸಿಕೆ ಅವರ ಅನೇಕ ವರ್ಷಗಳ ದುಡಿಮೆ. ಅವರು ದಶಾಂಶಳನ್ನು ಕರೆಸಿ, ಬಸ್ಸಿನ ಸಮಯ ಹೇಳುವವರ ದನಿಯಲ್ಲಿ ಹೇಳಿದರು. "ಇನ್ನೊಂದು ಸಲ ಮಾಡೋಕೆ ಅವಕಾಶ ಇದೆ. ಒಂದೇ ಸಲ. ಅದರ ವರದಿ ಸಂಜೆಯೊಳಗೆ ಸಮಿತಿಗೆ ಹೋಗಬೇಕು. ಅದರಲ್ಲೂ ಜ್ವರ ಬಂದ್ರೆ ಈ ಬ್ಯಾಚ್ ಪೂರ್ತಿ ನಾಶ ಮಾಡ್ತೀವಿ, ನಾನು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ತೀನಿ. ನೀನು ಸೀಸೆ ತೊಳೆಯೋ ವಿಭಾಗಕ್ಕೆ ಹೋಗ್ತೀಯ. ಅಲ್ಲೂ ಶುಚಿ ಮುಖ್ಯಾನೇ."

ಫಲಿತಾಂಶಗಳನ್ನು ಮತ್ತೆ ನೋಡುತ್ತ ಕುಳಿತ ದಶಾಂಶಳಿಗೆ ಒಂದು ವಿಚಿತ್ರ ಕಾಣಿಸಿತು. ಉಪ್ಪುನೀರು ಪಡೆದ ಮೊಲಗಳಿಗೂ ಜ್ವರ ಬಂದಿತ್ತು. ಉಪ್ಪುನೀರಿಗೆ ಜ್ವರ ತರಿಸುವ ಶಕ್ತಿಯಿಲ್ಲ. ಹಾಗಿದ್ದರೆ ದೋಷ ಲಸಿಕೆಯದಲ್ಲ, ಎಲ್ಲ ಮೊಲಗಳಿಗೂ ಸಮಾನವಾದ ಇನ್ನಾವುದೋ ಒಂದರದು. ಅವಳು ಸೂಜಿಗಳನ್ನು ಪರೀಕ್ಷಿಸಿದಳು, ಥರ್ಮಾಮೀಟರುಗಳನ್ನು ಹೋಲಿಸಿದಳು, ನೀರು, ಮೇವು, ಗಾಳಿ ಎಲ್ಲವನ್ನೂ ನೋಡಿದಳು. ಎಲ್ಲವೂ ಸರಿಯಾಗಿತ್ತು. ಕೊನೆಗೆ ಅವಳು ಪಶುವೈದ್ಯರ ಬಳಿ ಹೋದಳು.

ಪಶುವೈದ್ಯರು ಒಳ್ಳೆಯ ಕೈಗುಣದ, ಶಿಸ್ತಿನ ಬಗ್ಗೆ ಸ್ವಲ್ಪ ಉದಾಸೀನವುಳ್ಳ ಮನುಷ್ಯ. ಮೊಲಗಳ ಕಿವಿಯಲ್ಲಿ ಸಂಖ್ಯೆಗಳಿದ್ದರೂ ಅವರು ಅವುಗಳಿಗೆ ನೆಂಟರ ಹೆಸರಿಟ್ಟಿದ್ದರು. ಯಾರು ಬಂದರೂ ಬೆನ್ನು ತಿರುಗಿಸಿ ಕೂರುವುದು ಬೀಗಿತ್ತಿ. ಬೇರೆಯವರ ಮೇವಿಗೂ ಬಾಯಿ ಹಾಕುವುದು ಭಾವ. ಸುಮ್ಮಸುಮ್ಮನೆ ಕಾಲು ಬಡಿಯುವುದು ದೊಡ್ಡಪ್ಪ. ಉಳಿದ ಮೂರು ಷಡ್ಡಕರು. ಒಂದರಿಂದೊಂದನ್ನು ಬೇರೆ ಮಾಡಿ ಗುರುತಿಸುವುದು ಅವರಿಂದ ಆಗಿರಲಿಲ್ಲ.

"ಏನು ಬದಲಾಗಿದೆ ಅಂತ ಹುಡುಕ್ತಿದ್ದೀನಿ ಸರ್," ಎಂದಳು ದಶಾಂಶ.

"ನೀನು ಬಂದಿದ್ದೀಯ."

"ನಾನು ಬಂದು ಏನು ಬದಲಾಯಿಸಿದೆ?"

"ಏನು ಬದಲಾಯಿಸಿಲ್ಲ ಅಂತ ಕೇಳು, ಬೇಗ ಮುಗಿಯತ್ತೆ."

ಅವಳು ಬೆರಳು ಮಡಿಸುತ್ತ ಹೋದಳು. ಕಿಟಕಿಯ ಚೌಕಟ್ಟಿನಲ್ಲಿದ್ದ ತೂತನ್ನು ಮುಚ್ಚಿಸಿದ್ದಳು. ಬಾಗಿಲಿಗೆ ನಿಯಮಗಳನ್ನು ಅಂಟಿಸಿದ್ದಳು. ಪರೀಕ್ಷೆ ಶಾಂತ ವಾತಾವರಣದಲ್ಲಿ ನಡೆಯತಕ್ಕದ್ದು ಎಂದು ಕೈಪಿಡಿಯಲ್ಲಿದ್ದುದರಿಂದ, ಯಾವ ಕಾಲದಿಂದಲೋ ಅಲ್ಲಿ ಹಾಡಿಕೊಂಡಿದ್ದ ರೇಡಿಯೊವನ್ನು ಉಗ್ರಾಣಕ್ಕೆ ಕಳಿಸಿದ್ದಳು. ಅಷ್ಟು ಹೇಳಿ ಅವಳು ನಿಂತಳು.

"ಮೊಲ ಹುಟ್ಟಿದಾಗಿನಿಂದ ಆ ರೇಡಿಯೊ ಕೇಳಿಕೊಂಡೇ ಬೆಳೆದಿದ್ದಾವೆ," ಎಂದರು ಪಶುವೈದ್ಯರು. "ಹವಾಮಾನ, ಆರೋಗ್ಯ ಸಲಹೆ, ಯಾರದೋ ಸಂದರ್ಶನ. ಮಾತು ನಡೀತಾ ಇದ್ರೆ ಲೋಕ ಸುಸೂತ್ರವಾಗಿದೆ ಅಂತ ಅವುಗಳ ಲೆಕ್ಕ. ಈಗ ಮಸಣದ ಹಾಗೆ ಮಾಡಿಟ್ಟಿದ್ದೀಯ. ಚಮಚ ಬಿದ್ರೂ ಬಾಂಬ್ ಬಿದ್ದ ಹಾಗೆ."

"ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದೆ. ಬಾಗಿಲ ಮೇಲೆ ಮಾತಾಡಬಾರದು ಅಂತ ಬರೆದಿತ್ತು."

ದಶಾಂಶ ಕೋಣೆಗೆ ಹೋಗಿ, ಭಾವನ ಮೈಗೆ ಥರ್ಮಾಮೀಟರ್ ಜೋಡಿಸಿ, ಉಕ್ಕಿನ ಚಮಚವನ್ನು ನೆಲದ ಮೇಲೆ ಬೀಳಿಸಿದಳು. ಭಾವನ ಕಿವಿಗಳು ನೆಟ್ಟಗಾದವು. ಅಂಕಿ ನಿಧಾನವಾಗಿ ಏರಿ ಏರಿ, ಬಹಳ ಹೊತ್ತಿನವರೆಗೆ ಇಳಿಯಲಿಲ್ಲ. ಕಾರಣ ಸಿಕ್ಕಿತ್ತು. ಎರಡನೆಯ ಪರೀಕ್ಷೆಗೆ ಮುನ್ನ ರೇಡಿಯೊವನ್ನು ಮೊಲಗಳ ಕೋಣೆಗೆ ಹಿಂತಿರುಗಿಸಬೇಕು ಎಂದು ಅವಳು ಪಾಲಕನಿಗೆ ತಿಳಿಸಿದಳು. ಹೇಗೆ ಹಿಂತಿರುಗಿಸಬೇಕು ಎಂಬುದು ಬಾಗಿಲ ಮೇಲೆಯೇ ಇತ್ತು.

ಈಗ ಆ ರೇಡಿಯೊ ಕರಗಿ ಮೇಜಿನ ಮೇಲಿತ್ತು. ಮೊಲಗಳು ಆಗಲೇ ಪರೀಕ್ಷೆಯ ಪೆಟ್ಟಿಗೆಗಳಲ್ಲಿ ಕುಳಿತಿದ್ದವು. ಪ್ರತಿ ಪೆಟ್ಟಿಗೆಯ ಮುಂದಿನಿಂದ ತಲೆಯೊಂದು ಹೊರಗೆ ಕಾಣುತ್ತಿತ್ತು. ಹಿಂದಿನಿಂದ ಥರ್ಮಾಮೀಟರಿನ ತೆಳು ತಂತಿ ಹೊರಟು ಅಂಕಿ ತೋರಿಸುವ ಯಂತ್ರವನ್ನು ಸೇರುತ್ತಿತ್ತು. ಚುಚ್ಚುಮದ್ದು ಕೊಡುವ ಮುನ್ನ ಆ ಅಂಕಿಗಳು ಏರಿಳಿತವಿಲ್ಲದೆ ನಿಲ್ಲಬೇಕಾಗಿತ್ತು. ನಿಲ್ಲುತ್ತಿರಲಿಲ್ಲ.

ಪಶುವೈದ್ಯರು ಎದುರಿನ ಅಂಗಡಿಯಿಂದ ಹೊಸ ರೇಡಿಯೊ ತಂದರು. ಅದನ್ನು ಕ್ರಿಮಿನಾಶಕದಿಂದ ಒರೆಸಿ ಒಳಗೆ ತರಲು ದಶಾಂಶ ತನ್ನ ಕೈಯಾರೆ ಅನುಮತಿ ನೀಡಿದಳು. ಅದು ಅವಳ ಜೀವನದ ಮೊದಲ ವಿನಾಯಿತಿ. ಆದರೆ ಕೋಣೆಯ ಗೋಡೆಗಳಿಗೆ ತಗಡು ಹೊದಿಸಿದ್ದುದರಿಂದ ರೇಡಿಯೊ ಬರಿದೇ ಕರಕರ ಎಂದಿತು. ಹಳೆಯ ರೇಡಿಯೊದಿಂದ ಒಂದು ತಂತಿ ಕಿಟಕಿಯ ತೂತಿನಿಂದ ಹೊರಗೆ ಹೋಗುತ್ತಿತ್ತೆಂದು ಪಾಲಕ ನೆನಪಿಸಿಕೊಂಡ.

"ಆ ತೂತು ಎಲ್ಲಿ?" ಎಂದರು ಪಶುವೈದ್ಯರು.

"ಮುಚ್ಚಿದ್ದೀವಿ ಸರ್. ಇರುವೆ ಕೂಡ ನುಸುಳಬಾರದು ಅಂದಿದ್ರು. ನುಸುಳಿಲ್ಲ."

ಮೊಬೈಲಿಗೂ ಅಲ್ಲಿ ಸಿಗ್ನಲ್ ಇರಲಿಲ್ಲ. ಪಶುವೈದ್ಯರ ಮೊಬೈಲಿನಲ್ಲಿ ಒಂದು ಹಾಡು ಇತ್ತು. ಅದರ ಮೊದಲ ಡ್ರಮ್ಮಿಗೇ ದೊಡ್ಡಪ್ಪ ಪೆಟ್ಟಿಗೆಯನ್ನೇ ಒದ್ದ. ಹಾಗಾದರೆ ನಾವೇ ಮಾತಾಡೋಣ ಎಂದು ಪಶುವೈದ್ಯರು ತಮ್ಮ ಮದುವೆಯಲ್ಲಿ ಮಾವನವರು ಮುನಿಸಿಕೊಂಡ ಕಥೆ ಆರಂಭಿಸಿದರು. ಅಂಕಿಗಳು ಇಳಿಯತೊಡಗಿದವು. ಆದರೆ ಮಾವನವರು ಬೇಗನೆ ಸಮಾಧಾನಗೊಂಡರು, ಕಥೆ ಮುಗಿಯಿತು. ದಶಾಂಶ ಕೈಪಿಡಿ ತೆರೆದು ಗಟ್ಟಿಯಾಗಿ ಓದಿದಳು. ಅಂಕಿಗಳು ಏರಿದವು.

"ನಿಲ್ಲಿಸಮ್ಮ, ಪಾಪ," ಎಂದರು ಪಶುವೈದ್ಯರು. ಪಾಲಕನತ್ತ ತಿರುಗಿ, "ನೀನು ಏನಾದ್ರೂ ಹೇಳಪ್ಪ," ಎಂದರು.

"ಏನು ಹೇಳ್ಲಿ ಸರ್?"

"ಏನಾದ್ರೂ."

ಪಾಲಕ ಬಹಳ ಯೋಚಿಸಿದ. "ಸರಿ," ಎಂದ. ಆಮೇಲೆ ಅವನಿಗೂ ಮಾತು ಸಿಗಲಿಲ್ಲ.

ಆ ಮೌನದಲ್ಲಿ ಗೋಡೆಯ ಫೋನ್ ಹೊಡೆದುಕೊಂಡಿತು. ಆರು ಜೊತೆ ಕಿವಿಗಳೂ ಒಮ್ಮೆಗೇ ನಿಂತವು. ಕೈಗವಸು ತೊಟ್ಟವರು ಮೊಣಕೈಯಿಂದ ಒತ್ತುವಂತೆ ಆ ಫೋನಿಗೆ ದೊಡ್ಡ ಗುಂಡಿಯೊಂದಿತ್ತು. ಒತ್ತಿದರೆ ಆಚೆಯ ದನಿ ಇಡೀ ಕೋಣೆಗೆ ಕೇಳುತ್ತಿತ್ತು. ದಶಾಂಶ ಓಡಿಹೋಗಿ ಒತ್ತಿದಳು.

"ತಿಂಡಿ ತಿಂದ್ಯಾ?" ಎಂದಿತು ಅಮ್ಮನ ದನಿ.

"ಅಮ್ಮ, ಪರೀಕ್ಷೆ ನಡೀತಿದೆ. ಇಲ್ಲಿಗೆ ಫೋನ್ ಮಾಡಬೇಡ ಅಂತ ಹೇಳಿದ್ದೆ."

"ಪರೀಕ್ಷೆ ಮೊಲಕ್ಕೆ ತಾನೇ, ನೀನ್ಯಾಕೆ ಹಸ್ಕೊಂಡಿರೋದು? ಇಲ್ಲಿ ಕೇಳು, ಇವತ್ತು ಏನಾಯ್ತು ಗೊತ್ತಾ? ಮೇಲಿನವಳು ಒದ್ದೆ ಬಟ್ಟೆ ಹಿಂಡದೆ ಹರವಿದ್ದಾಳೆ. ನಮ್ಮ ಕಿಟಕಿ ಮುಂದೆ ತೊಟ್ಟು ತೊಟ್ಟು."

"ಯಾರ ಹತ್ರ ಚಾಡಿ ಹೇಳ್ತಿದ್ದೀಯ ಅಕ್ಕ?" ಎಂದು ಹಿಂದಿನಿಂದ ಇನ್ನೊಂದು ದನಿ ಹತ್ತಿರ ಬಂತು. ಚಿಕ್ಕಮ್ಮ ಇಳಿದು ಬಂದಿದ್ದಳು. "ಬಾಗಿಲು ತೆಗೆದಿಟ್ಟುಕೊಂಡು ಊರಿಗೆಲ್ಲ ಕೇಳೋ ಹಾಗೆ. ಹಿಂಡೋಕೆ ನನ್ನ ಮಣಿಕಟ್ಟು ನೋಯ್ತಿದೆ, ಗೊತ್ತಿದ್ದೂ ಹೇಳ್ತೀಯ."

"ಸ್ಟ್ಯಾಂಡ್ ಎತ್ತಿಕೊಂಡು ಮಹಡಿ ಹತ್ತೋವಾಗ ಮಣಿಕಟ್ಟು ನೋಯಲಿಲ್ಲ ಅಲ್ವಾ?"

ದಶಾಂಶಳ ಕಿವಿ ಕೆಂಪಾಯಿತು. ಫೋನ್ ಕಡಿಯಲು ಮೊಣಕೈ ಎತ್ತಿದಳು.

"ಮುಟ್ಟಬೇಡ," ಎಂದರು ಪಶುವೈದ್ಯರು ಪಿಸುದನಿಯಲ್ಲಿ. "ಬೀಗಿತ್ತಿನ ನೋಡು."

ಬೀಗಿತ್ತಿಯ ಕಿವಿಗಳು ನಿಧಾನವಾಗಿ ಮಡಚಿ ಬೆನ್ನಿನ ಮೇಲೆ ಒರಗಿದ್ದವು. ಭಾವ ಕಣ್ಣು ಅರೆ ಮುಚ್ಚಿದ್ದ. ಯಂತ್ರದ ಅಂಕಿಗಳು ಒಂದೊಂದಾಗಿ ಇಳಿದು, ನಿಂತು, ಅಲ್ಲಿಯೇ ಉಳಿದವು. ಆರೂ.

ಮನೆಯಲ್ಲಿ ಅಮ್ಮ ಫೋನ್ ಇಡುವುದನ್ನು ಮರೆತಿದ್ದಳು. ಅದು ಹೊಸದೇನಲ್ಲ, ತಂಗಿ ಎದುರಿಗಿದ್ದಾಗ ಅವಳು ಒಲೆಯ ಮೇಲಿನ ಹಾಲನ್ನೂ ಮರೆಯುತ್ತಿದ್ದಳು. ಪಶುವೈದ್ಯರು ಲಸಿಕೆಯ ಸೀಸೆಯನ್ನು ಬೆಚ್ಚಗೆ ಮಾಡಿಕೊಂಡು, ಕಿವಿಯ ಅಂಚನ್ನು ಒರೆಸಿ, ಒಂದೊಂದಾಗಿ ಚುಚ್ಚುಮದ್ದು ಕೊಟ್ಟರು. ಬೀಗಿತ್ತಿ, ಭಾವ ಮತ್ತು ದೊಡ್ಡಪ್ಪನಿಗೆ ಲಸಿಕೆ, ಷಡ್ಡಕರಿಗೆ ಉಪ್ಪುನೀರು. ಸ್ಪೀಕರಿನಲ್ಲಿ ಅದೇ ಹೊತ್ತಿಗೆ ಅಜ್ಜಿಯ ಕೊನೆಯ ಮಾತು ಏನಾಗಿತ್ತು ಎಂಬ ವಿಚಾರಣೆ ನಡೆಯುತ್ತಿತ್ತು.

"ಅಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದ್ಲು, ಮಷಿನ್ ನೋಡ್ಕೋ ಅಂತ."

"ನೋಡ್ಕೋ ಅಂದ್ಲು. ಇಟ್ಕೋ ಅನ್ನಲಿಲ್ಲ."

"ಬೀರು ಮೇಲಿಟ್ಟು ದಿನಾ ನೋಡ್ತಾನೇ ಇದ್ದೀನಲ್ಲ."

"ಟವೆಲ್ ಮುಚ್ಚಿಬಿಟ್ರೆ ಏನು ನೋಡ್ತೀಯ ಅಕ್ಕ?"

ಪಾಲಕ ಗೋಡೆಗೊರಗಿ ಆಸಕ್ತಿಯಿಂದ ಕೇಳುತ್ತಿದ್ದ. "ಚಿಕ್ಕಮ್ಮ ಹೇಳೋದ್ರಲ್ಲೂ ನ್ಯಾಯ ಇದೆ," ಎಂದು ತಗ್ಗಿದ ದನಿಯಲ್ಲಿ ತೀರ್ಪು ಕೊಟ್ಟ. ದಶಾಂಶ ಅವನನ್ನು ನೋಡಿದ ರೀತಿಗೆ ಮೊಲಗಳ ನೀರಿನ ಸೀಸೆ ತುಂಬಿಸಲು ಹೊರಟುಹೋದ.

ಜಗಳಕ್ಕೆ ಒಂದು ನಡಿಗೆಯಿತ್ತು. ಯಂತ್ರದಿಂದ ಆರಂಭವಾಗಿ, ಯಾರದೋ ಮದುವೆಯಲ್ಲಿ ಕಳೆದುಹೋದ ಕೊಡೆಗೆ ಹೋಗಿ, ಅಲ್ಲಿಂದ ಚಿಕ್ಕಮ್ಮನ ಗಂಡನ ಗೊರಕೆಯನ್ನು ಹಾದು, ಯಂತ್ರಕ್ಕೇ ಹಿಂತಿರುಗುತ್ತಿತ್ತು. ದಶಾಂಶ ಇದನ್ನು ಬಾಲ್ಯದಿಂದ ಕೇಳಿದ್ದಳು. ಮೊಲಗಳು ಮೊದಲ ಸಲ ಕೇಳುತ್ತಿದ್ದವು, ಬೇಸರಪಟ್ಟುಕೊಳ್ಳಲಿಲ್ಲ. ಹೊರಗೆ ಕಾರಿಡಾರಿನಲ್ಲಿ ತಳ್ಳುಗಾಡಿಯ ಚಕ್ರ ಕಿರುಗುಟ್ಟಿತು, ಯಾರೋ ಬಕೆಟ್ಟು ಉರುಳಿಸಿದರು. ಒಂದು ಕಿವಿಯೂ ಅಲುಗಲಿಲ್ಲ. ಲಸಿಕೆ ಪಡೆದವು ತಣ್ಣಗಿದ್ದವು, ಉಪ್ಪುನೀರು ಪಡೆದವೂ ತಣ್ಣಗಿದ್ದವು. ಪಶುವೈದ್ಯರು ಕುರ್ಚಿ ಎಳೆದುಕೊಂಡು ಕುಳಿತರು. ಇನ್ನೆರಡು ಸಲ ಅಂಕಿ ನೋಡುವುದಷ್ಟೇ ಬಾಕಿಯಿತ್ತು.

ಅಷ್ಟರಲ್ಲಿ ಚಿಕ್ಕಮ್ಮನ ದನಿ ಬದಲಾಯಿತು.

"ನೀಲಿ ಬಟ್ಟೆ ನೆನಪಿದ್ಯಾ ಅಕ್ಕ? ಒಂದೇ ತಾನಲ್ಲಿ ಇಬ್ಬರಿಗೂ ಫ್ರಾಕು. ನಿನಗೆ ಬಟ್ಟೆ ಸಾಲದೆ ಹೋಯ್ತು ಅಂತ ಅಮ್ಮ ತನ್ನ ರವಿಕೆ ಬಟ್ಟೆ ಸೇರಿಸಿ ತೋಳು ಮಾಡಿದ್ಲು."

 "ಎರಡು ತೋಳೂ ಬೇರೆ ಬೇರೆ ಬಣ್ಣ," ಎಂದಳು ಅಮ್ಮ. "ಶಾಲೆಯಲ್ಲಿ ನಕ್ಕವಳನ್ನ ನೀನು ಕಚ್ಚಿದ್ದೆ."

"ಮತ್ತೆ ನನ್ನ ಅಕ್ಕನ್ನ ನೋಡಿ ನಗ್ತಾಳೆ ಅಂದ್ರೆ."

ದಶಾಂಶ ನೆಟ್ಟಗೆ ನಿಂತಳು. ಈ ತಿರುವು ಅವಳಿಗೆ ಅಪರಿಚಿತವಾಗಿತ್ತು.

"ಹೋಗ್ಲಿ ಬಿಡೇ," ಎಂದಳು ಅಮ್ಮ, ಮೂಗಿನ ದನಿಯಲ್ಲಿ. "ತಗೊಂಡು ಹೋಗು ಮಷಿನ್ನ. ನನಗೆ ಕಣ್ಣೂ ಕಾಣಲ್ಲ ಈಗ."

"ನನಗೆ ಬೇಡ. ನಾನೇ ಸ್ಟ್ಯಾಂಡ್ ಇಳಿಸಿ ಕೊಡ್ತೀನಿ. ಅಮ್ಮ ನಿನಗೇ ಹೇಳಿದ್ದು."

ಸ್ಪೀಕರಿನಿಂದ ಮೂಗು ಎಳೆಯುವ ಸದ್ದು ಬಂತು. ಆಮೇಲೆ ಅದೂ ನಿಂತಿತು. ಕೋಣೆಯಲ್ಲಿ ಮೌನ ಕವಿಯಿತು. ಸರಿಯಾಗಿ ಆಗಲೇ ಕಾರಿಡಾರಿನ ತಳ್ಳುಗಾಡಿ ಹಿಂತಿರುಗಿ ಬಂದು, ಬಾಗಿಲಿನೆದುರಿಗೇ ಕಿರುಗುಟ್ಟಿತು.

ದೊಡ್ಡಪ್ಪನ ಕಿವಿಗಳು ಮೇಲೆದ್ದವು. ಬೀಗಿತ್ತಿಯ ಕಿವಿಗಳೂ. ಯಂತ್ರದ ಅಂಕಿ ಒಂದು ದಶಾಂಶ ಏರಿತು. ಮತ್ತೊಂದು.

"ಮಾತಾಡಿಸು," ಎಂದರು ಪಶುವೈದ್ಯರು ಹಲ್ಲು ಕಚ್ಚಿಕೊಂಡು. "ಏನಾದ್ರೂ ಮಾಡು, ಜಗಳ ಆರಿಹೋಗ್ತಿದೆ."

ದಶಾಂಶ ಫೋನಿನ ಮುಂದೆ ನಿಂತಿದ್ದಳು. ಅಮ್ಮ ಮತ್ತು ಚಿಕ್ಕಮ್ಮ ರಾಜಿಯಾಗಲಿ ಎಂದು ಅವಳು ಎಷ್ಟೋ ವರ್ಷಗಳಿಂದ ಬಯಸಿದ್ದಳು, ಬಣ್ಣದ ವೇಳಾಪಟ್ಟಿ ಮಾಡಿದ್ದಳು. ಆ ರಾಜಿ ಈಗ ಫೋನಿನ ಆಚೆ ತುದಿಯಲ್ಲಿ ನಡೆಯುತ್ತಿತ್ತು. ಈಚೆ ತುದಿಯಲ್ಲಿ ಲಸಿಕೆ ಇತ್ತು, ಅದರ ಹಿಂದೆ ಡಾಕ್ಟರ್ ಮೇಡಂ ಇದ್ದರು, ಅದರಾಚೆ ಸೀಸೆ ತೊಳೆಯುವ ವಿಭಾಗವಿತ್ತು. ಅಂಕಿ ಇನ್ನೊಂದು ದಶಾಂಶ ಏರಿತು.

"ಅಮ್ಮ," ಎಂದಳು ಅವಳು, ಬಹಳ ಮೆಲ್ಲಗೆ. "ಅಜ್ಜಿ ಕತ್ತರಿ ಯಾರ ಹತ್ರ ಇದೆ?"

ಆಚೆ ಒಂದು ಉಸಿರು ಕೇಳಿಸಿತು.

"ಕತ್ತರಿ ಇವಳ ಹತ್ರಾನೇ ಇದೆ," ಎಂದಳು ಅಮ್ಮ.

"ನನ್ನ ಹತ್ರ ಎಲ್ಲಿದೆ? ಆ ಕತ್ತರೀಲಿ ನೀನು ಹಾಲಿನ ಪ್ಯಾಕೆಟ್ ಕತ್ತರಿಸಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ."

"ಅಜ್ಜಿ ಕತ್ತರೀಲಿ ನಾನು ಹಾಲಿನ ಪ್ಯಾಕೆಟ್? ಕೇಳಿದ್ಯಾ, ಕೇಳಿದ್ಯಾ ಇವಳ ಮಾತು?"

"ಕೇಳಲಿ ಬಿಡು, ಅವಳಿಗೂ ಗೊತ್ತಾಗಲಿ ಅವರಮ್ಮ ಏನು ಅಂತ."

ಕತ್ತರಿ ಹೊಸ ವಿಷಯವಾಗಿತ್ತು. ಅದಕ್ಕೆ ಇಬ್ಬರಲ್ಲಿಯೂ ಬೇಕಾದಷ್ಟು ಮಾತು ಬಳಸದೆ ಉಳಿದಿತ್ತು. ಬೀಗಿತ್ತಿ ಕಿವಿ ಮಡಚಿದಳು. ದೊಡ್ಡಪ್ಪ ಒಮ್ಮೆ ಮೂಗು ಅಲುಗಿಸಿ ಸುಮ್ಮನಾದ. ಅಂಕಿಗಳು ಬಂದ ದಾರಿಯಲ್ಲೇ ಇಳಿದವು. ಪಶುವೈದ್ಯರು ಹಣೆಯನ್ನು ತೋಳಿನಿಂದ ಒರೆಸಿಕೊಂಡರು.

"ಇಷ್ಟು ಪಾಪ ಮಾಡೋ ಧೈರ್ಯ ನಿನಗಿದೆ ಅಂತ ಗೊತ್ತಿರಲಿಲ್ಲ," ಎಂದರು.

 ದಶಾಂಶ ಉಳಿದ ಎರಡು ಸಲದ ಅಂಕಿಗಳನ್ನು ಬಿಂದುವಿನ ಆಚೆಯವರೆಗೆ ಬರೆದುಕೊಂಡಳು.

ಮಧ್ಯಾಹ್ನ ಡಾಕ್ಟರ್ ಮೇಡಂ ಫಲಿತಾಂಶವನ್ನು ಮೇಲಿನಿಂದ ಕೆಳಗೆ ಓದಿ, ಮತ್ತೆ ಕೆಳಗಿನಿಂದ ಮೇಲೆ ಓದಿದರು. ಲಸಿಕೆಗೆ ಜ್ವರವಿಲ್ಲ. ಉಪ್ಪುನೀರಿಗೂ ಜ್ವರವಿಲ್ಲ. ಅವರ ಮುಖದಲ್ಲಿ ಸಂತೋಷ ಕಾಣಿಸಿಕೊಂಡು, ಅಭ್ಯಾಸವಿಲ್ಲದ್ದರಿಂದ ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಹಿನ್ನೆಲೆ ಸದ್ದು: ಮಾನವ ಸಂಭಾಷಣೆ, ನಿರಂತರ, ಅಂತ ಬರೆದಿದ್ದೀಯ. ಯಾರ ಸಂಭಾಷಣೆ?"

"ನಮ್ಮ ಅಮ್ಮ ಮತ್ತು ಚಿಕ್ಕಮ್ಮನದು ಮೇಡಂ. ಫೋನಲ್ಲಿ."

"ವಿಷಯ?"

"ಹೊಲಿಗೆ ಮಷಿನ್ ಮೇಡಂ. ಕೊನೆಯ ಭಾಗ ಕತ್ತರಿ."

ಡಾಕ್ಟರ್ ಮೇಡಂ ಕನ್ನಡಕ ತೆಗೆದರು. "ಸಂಭಾಷಣೆ ಅನ್ನೋದು ಸ್ವಲ್ಪ ಸೌಮ್ಯವಾಯ್ತೇನೋ. ಇರಲಿ. ಆದ್ರೆ ಜಗಳ ಕೇಳ್ತಾ ಕೂತಿದ್ದಕ್ಕೆ ನಿಜವಾದ ಜ್ವರ ಮುಚ್ಚಿಹೋಗಿಲ್ಲ ಅಂತ ಏನು ಗ್ಯಾರಂಟಿ?"

"ಅದನ್ನೂ ನೋಡಿದ್ವಿ ಮೇಡಂ. ಪರೀಕ್ಷೆ ಮುಗಿದ ಮೇಲೂ ಫೋನ್ ನಡೀತಾನೇ ಇತ್ತು. ಜ್ವರ ತರಿಸುತ್ತೆ ಅಂತ ಗೊತ್ತಿರೋ ಔಷಧಾನ ಪಕ್ಕದ ಕೋಣೆಯಿಂದ ತಂದ ಬೇರೊಂದು ಮೊಲಕ್ಕೆ ಸ್ವಲ್ಪವೇ ಕೊಟ್ವಿ. ಅದಕ್ಕೆ ಬರಬೇಕಾದಷ್ಟು ಜ್ವರ ಬಂತು. ಈಗ ಇಳೀತಿದೆ."

"ಇನ್ನೂ ನಡೀತಾನೇ ಇತ್ತಾ?"

"ನಾನು ಹೊರಡೋವಾಗ ಕೊಡೆ ವಿಷಯಕ್ಕೆ ಬಂದಿದ್ರು ಮೇಡಂ."

ಡಾಕ್ಟರ್ ಮೇಡಂ ಸಹಿ ಹಾಕಿದರು. ವರದಿ ಸಂಜೆಗೆ ಮುಂಚೆಯೇ ಹೊರಟಿತು.

ಮನೆಗೆ ಹೋದಾಗ ದಶಾಂಶ ಇಬ್ಬರನ್ನೂ ಕೂರಿಸಿ ನಡೆದದ್ದನ್ನು ಕ್ರಮವಾಗಿ ಹೇಳಿದಳು. ಅಮ್ಮ ಕೆನ್ನೆಗೆ ಕೈಹಚ್ಚಿದಳು.

"ಮನೆ ವಿಷಯ ಎಲ್ಲಾನೂ ಕೇಳಿಸಿಕೊಂಡ್ವಾ? ಗೊರಕೇದೂ?"

"ಎಲ್ಲಾನೂ."

"ಹೋಗ್ಲಿ, ಮೊಲ. ಯಾರಿಗೂ ಹೇಳಲ್ಲ."

ಚಿಕ್ಕಮ್ಮನ ಚಿಂತೆ ಬೇರೆಯಾಗಿತ್ತು. "ಅವು ಯಾರ ಕಡೆ ಇದ್ವು?" ಎಂದು ಕೇಳಿದಳು.

"ಮೂರು ಲಸಿಕೆ ಕಡೆ, ಮೂರು ಉಪ್ಪುನೀರಿನ ಕಡೆ."

"ನಿನ್ನ ಬುದ್ಧಿ ನೋಡು. ಬಾಯಿಬಿಟ್ಟು ಒಂದು ಮಾತು ಹೇಳಲ್ಲ," ಎಂದಳು ಚಿಕ್ಕಮ್ಮ. ಆದರೂ ಅವಳು ಹೋಗದೆ ಕುಳಿತಿದ್ದಳು, ಅಮ್ಮ ಕೇಳದೆಯೇ ಅವಳಿಗೂ ಚಹಾ ಇಟ್ಟಿದ್ದಳು.

ಕತ್ತರಿಯ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಆದರೆ ಅದು ಶುರುವಾದ ಮೇಲೆ ಯಂತ್ರದ ವಿಷಯ ಹಳೆಯದಾಗಿ, ಬಿಟ್ಟುಕೊಡುವಷ್ಟು ಸಣ್ಣದಾಯಿತು. ರಜೆಯ ದಿನ ದಶಾಂಶ ಮತ್ತು ಚಿಕ್ಕಮ್ಮನ ಗಂಡ ಸೇರಿ ಸ್ಟ್ಯಾಂಡನ್ನು ಕೆಳಗಿಳಿಸಿದರು. ಎರಡು ಮಹಡಿಗಳ ನಡುವಿನ ತಿರುವಿನಲ್ಲಿ ಅದು ಗೋಡೆಗೆ ಸಿಕ್ಕಿಕೊಂಡು, ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ಅಮ್ಮ ತಲೆಯನ್ನು ಅಲ್ಲಿಗೇ ತಂದು ಕೂರಿಸಿದಳು. ಯಂತ್ರ ಈಗ ಯಾರ ಮನೆಯಲ್ಲಿಯೂ ಇ‌ಲ್ಲ. ಮೆಟ್ಟಿಲು ಹತ್ತಿ ಇಳಿಯುವವರೆಲ್ಲ ಸ್ವಲ್ಪ ಓರೆಯಾಗಿ ಹೋಗುತ್ತಾರೆ.

ಅದರ ಮೇಲೆ ಮೊದಲು ಹೊಲಿದದ್ದು ಮೊಲಗಳ ಕೋಣೆಯ ಹೊಸ ರೇಡಿಯೊಗೆ ಒಂದು ಹತ್ತಿಬಟ್ಟೆಯ ಹೊದಿಕೆ. ಎಡಬದಿಯ ಹೊಲಿಗೆ ಅಮ್ಮನದು, ಬಲಬದಿಯದು ಚಿಕ್ಕಮ್ಮನದು. ಯಾವುದು ವಕ್ರ ಎಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ದಶಾಂಶ ಕಿಟಕಿಯ ತೂತನ್ನು ಮತ್ತೆ ತೆರೆಸಿ, ಆಂಟೆನಾದ ತಂತಿಯ ಸುತ್ತ ಇರುವೆ ನುಸುಳದಷ್ಟು ಮಾತ್ರ ಮುಚ್ಚಿಸಿದಳು. ಹೊದಿಕೆಯೊಳಗಿನ ರೇಡಿಯೊವನ್ನು ಕೈಯಲ್ಲಿ ಹಿಡಿದು ಪಾಲಕ ಆಟೋಕ್ಲೇವ್‌ನ ಮುಂದೆ ನಿಂತ. ಮೊಲಗಳ ಕೋಣೆಯ ಬಾಗಿಲಿನ ಮೇಲಿನ ನಿಯಮವನ್ನು ಓದಿದ. ಅದರ ಕೆಳಗೆ ಹೊಸದಾಗಿ ಸೇರಿಸಿದ್ದ ಸಾಲನ್ನೂ ಓದಿದ. ಆಮೇಲೆ ದಶಾಂಶಳತ್ತ ತಿರುಗಿದ.

"ಬಟ್ಟೆ ಮಾತ್ರ ತಾನೇ ಮೇಡಂ?"

"ಬಟ್ಟೆ ಮಾತ್ರ."

"ರೇಡಿಯೋನ ಹೊರಗೆ ತೆಗೆದು?"

"ಹೊರಗೆ ತೆಗೆದು."

ಅವನು ಹೊದಿಕೆಯನ್ನು ಬಿಚ್ಚಿ, ತಟ್ಟೆಯ ಮೇಲೆ ಹರವಿ, ಹಬೆಯ ಬಾಗಿಲು ಮುಚ್ಚಿದ. ರೇಡಿಯೊವನ್ನು ಮೇಜಿನ ಮೇಲೆ, ತನ್ನ ಊಟದ ಡಬ್ಬಿಯ ಪಕ್ಕದಲ್ಲಿ ಇಟ್ಟು ಗುಂಡಿ ತಿರುಗಿಸಿದ. ಯಾರೋ ಯಾರನ್ನೋ ಸಂದರ್ಶನ ಮಾಡುತ್ತಿದ್ದರು.

"ಅವತ್ತಿನಷ್ಟು ಮಜಾ ಇಲ್ಲ ಮೇಡಂ," ಎಂದ.